ಮೂರನೆಯ ಅಕ್ಷರ

ರಟ್ಟಿನ ಶವಪೆಟ್ಟಿಗೆಗೆ ಅಂಟಿಸಿದ್ದ ‘ಕೌಸಲ್ಯಾ ರಾವ್’ ಎಂಬ ಚೀಟಿಯನ್ನು ತಾರಿಣಿ ಉಗುರಿನಿಂದ ಕೀಳುತ್ತಿದ್ದಳು.

“ಎಂತ ಮಾಡ್ತಿ ಮಾರಾಯ್ತಿ?” ಅಪ್ಪನ ಅಕ್ಕ ಸುಂದರಿ ಕೈ ಹಿಡಿದಳು. “ಇಲ್ಲಿನವರು ನೋಡಿದ್ರೆ?”

“ಲೆಟ್ ದೆಮ್. ಅಮ್ಮ ಹಾಸ್ಪಿಟಲ್ಲಲ್ಲಿ ಕೇಳಿದ್ದು ಇದೊಂದೇ, ಅತ್ತೆ. ನನ್ನ ಹೆಸರಲ್ಲೇ ಸುಡಿ, ನನ್ನ ಅಕ್ಷರದಲ್ಲಿ ಅಂತ.”

“ಕೌಸಲ್ಯಾ ಅಂತ ನಾನೇ ಇಟ್ಟದ್ದು. ಎಷ್ಟು ಚಂದ ಉಂಟು!”

“ಅಮ್ಮನ್ನ ಕೇಳಿದ್ರಾ?”

ಅಮೆರಿಕದ ಆ ಚಿತಾಗಾರಕ್ಕೆ ಫೋರ್ಟ್ ಲೀಯಿಂದ ಊರ ಕಡೆಯವರೂ ಬಂದಿದ್ದರು. ಅವರಿಗೆಲ್ಲ ಆಕೆ ಚೌತಿಗೆ ಪತ್ರೊಡೆ ಹಂಚುತ್ತಿದ್ದ ಕೌಸಲ್ಯಾ ಆಂಟಿ. ಹಾಂಗ್‌ಕಾಂಗಿನಲ್ಲಿ ಆಕೆ ಲಾಮ್ ಯೂತ್‌ಯಿಂಗ್. ಅಮೆರಿಕದ ಪೌರತ್ವ ಪಡೆದಾಗ ಆ ಹೆಸರು ಕಾಗದಗಳಿಂದಲೂ ಹೋಯಿತು. ಲಾಮ್, ಯೂತ್, ಯಿಂಗ್ ಎಂಬ ಮೂರು ಸದ್ದಿಗೆ ಮೂರು ಚೀನೀ ಅಕ್ಷರ. ಫೋನಿನಲ್ಲಿ ಹುಡುಕಿದರೆ ಒಂದೊಂದು ಸದ್ದಿಗೂ ಹತ್ತಾರು; ಅವಳದು ಯಾವುದು?

“ಅಪ್ಪಾ, ಅಮ್ಮನ ಹೆಸರಿನ ನಂಬರು ನಿಮಗೆ ಗೊತ್ತಿತ್ತಲ್ಲ?”

ಕುರ್ಚಿಯಲ್ಲಿದ್ದ ರಮಾನಾಥರು ಬೆರಳು ಮಡಚಿ ಎಣಿಸತೊಡಗಿದರು.

*

ಮದುವೆಗೆ ಮುಂಚೆ, ಹಡಗು ಕಂಪನಿಯ ಗುಮಾಸ್ತನಾಗಿದ್ದ ರಮಾನಾಥ ಹಾಂಗ್‌ಕಾಂಗಿನ ತಂತಿ ಕಚೇರಿಗೆ ಹೋಗುತ್ತಿದ್ದ. ಗಾಜಿನಾಚೆ ಯೂತ್‌ಯಿಂಗ್, ಸಂಕೇತಗಳ ಪುಸ್ತಕ ತೆರೆಯದೆಯೇ, ಪ್ರತಿ ಚೀನೀ ಅಕ್ಷರದ ಪಕ್ಕ ನಾಲ್ಕು ಅಂಕಿ ಬರೆಯುವಳು. ತಂತಿಯಲ್ಲಿ ಹೋಗುವುದು ಅಂಕಿ ಮಾತ್ರ. ಆಚೆ ಊರಿನಲ್ಲಿ ಅದು ಮತ್ತೆ ಅಕ್ಷರವಾಗುತ್ತಿತ್ತು.

“ಯಂತ್ರ ಮಾಡಿದವರು ನಮ್ಮ ಅಕ್ಷರವನ್ನು ಲೆಕ್ಕಕ್ಕೇ ಇಡಲಿಲ್ಲ. ಅದಕ್ಕೇ ನಮಗೆ ನಂಬರು,” ಎಂದು ನಕ್ಕು, ತನ್ನ ಹೆಸರಿನ ಅಂಕಿಗಳನ್ನು ಅವನಿಂದ ಬಾಯಿಪಾಠ ಮಾಡಿಸಿದ್ದಳು.

ಮದುವೆಯಲ್ಲಿ ಹರಿವಾಣದ ಅಕ್ಕಿಯ ಮೇಲೆ ಉಂಗುರದಿಂದ ಅವಳ ಹೊಸ ಹೆಸರು ‘ಕೌಸಲ್ಯಾ’ ಎಂದು ಅವನ ಕೈಯಲ್ಲೇ ಬರೆಸಿದರು. ಬರೆದ. ಯಂತ್ರವಾದರೂ ಒಂದು ನಂಬರು ಕೊಟ್ಟಿತ್ತು. ಗಂಡನ ಮನೆ ಅದನ್ನೂ ಉಳಿಸಲಿಲ್ಲ.

*

“ಹೆಸರಿಗೆ ನಂಬರಾ? ಅವಳೆಂತ ಜೈಲಲ್ಲಿದ್ಲಾ?” ಸುಂದರಿ ಗೊಣಗಿದಳು.

“ಇದ್ದಳು,” ಎಂದಳು ತಾರಿಣಿ.

ರಮಾನಾಥರು ಎದ್ದರು. “ಎರಡು ಆರು ಐದು ಒಂದು.”

ತಾರಿಣಿ ಆ ಅಂಕಿಗಳನ್ನು ಫೋನಿನಲ್ಲಿ ಹುಡುಕಿದಳು. ಮೂಡಿದ ಅಕ್ಷರವನ್ನು ನೋಡಿ ನೋಡಿ, ಗೆರೆ ಗೆರೆಯಾಗಿ, ಮಾರ್ಕರಿನಿಂದ ಮುಚ್ಚಳದ ಮೇಲೆ ಬರೆದಳು.

“ಎರಡು ಐದು ಎಂಟು ಎಂಟು.”

ಎರಡನೆಯದೂ ಬಂತು.

“ಆಮೇಲೆ?”

ಅವರ ತುಟಿ ಅಲುಗಿತು. ಅಂಕಿ ಹೊರಡಲಿಲ್ಲ. “ಇತ್ತು ಮಗಾ. ಇಲ್ಲೇ ಇತ್ತು.”

“ಅಂದಾಜಿಗೆ ಒಂದು ಬರಿ,” ಸುಂದರಿಯ ದನಿ ಈಗ ಮೆತ್ತಗಾಗಿತ್ತು. “ಓದ್ಲಿಕ್ಕೆ ಯಾರಿದ್ದಾರೆ?”

“ಅಂದಾಜಿನ ಹೆಸರು ಒಂದು ಸಾಕಾಯ್ತು, ಅತ್ತೆ.”

ಕುಲುಮೆಯ ಬಾಗಿಲು ಮೇಲಕ್ಕೆ ಸರಿಯಿತು. “ಸರ್, ಪ್ಲೀಸ್,” ಎಂದ ಸಿಬ್ಬಂದಿಯವನು.

ಎರಡು ಅಕ್ಷರಗಳ ಪಕ್ಕದ ಖಾಲಿ ರಟ್ಟಿನ ಮೇಲೆ ರಮಾನಾಥರ ಕೈಯಿತ್ತು. ಪೆಟ್ಟಿಗೆ ಉರುಳೆಗಳ ಮೇಲೆ ಚಲಿಸಿತು. ಅವರು ಕೈ ಎತ್ತಲಿಲ್ಲ. ಮುಚ್ಚಳವೇ ಅದರಡಿಯಿಂದ ಸ್ವಲ್ಪ ಸ್ವಲ್ಪವಾಗಿ ಸರಿದುಹೋಯಿತು.