ಗಂಡನಿಗೆ ಹೇಳಿಕೊಟ್ಟ ಕೊರಿಯನ್

ಗಂಡ ಕೊರಿಯನ್ ಪರೀಕ್ಷೆಯಲ್ಲಿ ಎರಡನೇ ಸಲವೂ ಫೇಲಾದ ಸುದ್ದಿ ಬಂದಾಗ ಅವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಒದ್ದೆ ಹಾಸುಬಟ್ಟೆಗಳನ್ನು ಯಂತ್ರದ ಹೊಟ್ಟೆಯಿಂದ ಎಳೆದೆಳೆದು ಗಾಡಿಗೆ ತುಂಬುತ್ತಿದ್ದಳು. ಮೆಸೇಜು ಓದಿ, ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮತ್ತೆ ಎಳೆಯತೊಡಗಿದಳು. ಅಳುತ್ತಾ ಕೂರಲು ಅಲ್ಲಿ ಪುರಸೊತ್ತಿರಲಿಲ್ಲ. ಒದ್ದೆ ಬಟ್ಟೆಯನ್ನು ಸ್ವಲ್ಪ ಹೊತ್ತು ಬಿಟ್ಟರೂ ಮುಗ್ಗಲು ವಾಸನೆ ಹಿಡಿಯುತ್ತದೆ, ಆಮೇಲೆ ವಾರ್ಡಿನ ನರ್ಸುಗಳ ಬೈಗುಳ ಬೇರೆ.

ಅವನು ಕೊರಿಯಾಕ್ಕೆ ಹೋಗಿ ಐದು ವರ್ಷ ದಾಟಿತ್ತು. ಕಾರಿನ ಬಾಗಿಲುಗಳಿಗೆ ತಗಡು ಒತ್ತುವ ಕಾರ್ಖಾನೆಯಲ್ಲಿ ಕೆಲಸ. ಹೋಗುವಾಗಲೂ ಒಂದು ಭಾಷಾ ಪರೀಕ್ಷೆ ಬರೆದೇ ಹೋಗಿದ್ದ. ಆದರೆ ಆ ಫಲಿತಾಂಶಕ್ಕೆ ಎರಡು ವರ್ಷ ಮಾತ್ರ ಆಯುಸ್ಸು, ಅದು ಯಾವತ್ತೋ ತೀರಿತ್ತು. ಈಗ ಕಾರ್ಖಾನೆಯ ಯಜಮಾನರು ಅವನ ಕೈಕೆಲಸ ಮೆಚ್ಚಿ, ನುರಿತ ಕೆಲಸಗಾರರಿಗೆ ಕೊಡುವ ವೀಸಾಕ್ಕೆ ಸಹಿ ಹಾಕಲು ತಯಾರಿದ್ದರು. ಆ ವೀಸಾ ಸಿಕ್ಕರೆ ಹೆಂಡತಿ ಮಗಳನ್ನು ಕರೆಸಿಕೊಳ್ಳಬಹುದು. ಉಳಿದದ್ದೆಲ್ಲ ಇತ್ತು, ಹೊಸ ಪರೀಕ್ಷೆಯಲ್ಲಿ ಎರಡನೇ ಹಂತ ದಾಟಬೇಕಿತ್ತು, ಅಷ್ಟೇ. ಆ 'ಅಷ್ಟೇ' ಅವನ ಕುತ್ತಿಗೆಗೆ ಬಂದಿತ್ತು. ತಾ, ಎತ್ತು, ಬೇಗ ಬೇಗ, ತಪ್ಪಾಯ್ತು ಎನ್ನುವ ಕಾರ್ಖಾನೆಯ ಕೊರಿಯನ್ ಅವನ ನಾಲಿಗೆಯ ಮೇಲಿತ್ತು. ಪುಸ್ತಕದ ಕೊರಿಯನ್ ಮಾತ್ರ ಹತ್ತಿರ ಸುಳಿಯುತ್ತಿರಲಿಲ್ಲ.

"ನಾನೇ ಕಲಿತು ನಿಮಗೆ ಹೇಳಿಕೊಡ್ತೀನಿ ಬಿಡಿ" ಎಂದಳು ಅವಳು, ಆ ಸಂಜೆ ಫೋನಿನಲ್ಲಿ.

"ನೀನಾ?" ಎಂದು ಅವನು ನಕ್ಕ. ಬಹಳ ದಿನಗಳ ಮೇಲೆ ನಕ್ಕಿದ್ದನಲ್ಲ ಎಂದು ಅವಳೂ ನಕ್ಕಳು.

ಆದರೆ ಅವಳು ತಮಾಷೆಗೆ ಹೇಳಿರಲಿಲ್ಲ. ಹಳೇ ಪುಸ್ತಕದಂಗಡಿಯಿಂದ ಯಾರೋ ಪೆನ್ಸಿಲಿನಲ್ಲಿ ಗೀಚಿ ಬಿಟ್ಟ ಪುಸ್ತಕವೊಂದನ್ನು ತಂದಳು. ಅಕ್ಷರಗಳನ್ನು ಬರೆದ ಚೀಟಿಗಳನ್ನು ಸೋಪಿನ ಪುಡಿಯ ಡ್ರಮ್ಮಿಗೆ ಅಂಟಿಸಿದಳು. ಮೊದಮೊದಲು ಎಲ್ಲವೂ ಕಡ್ಡಿ, ಚೌಕ, ಸೊನ್ನೆ. ತಿಂಗಳು ಕಳೆಯುವಷ್ಟರಲ್ಲಿ ಅವು ಬಾಯಿಬಿಟ್ಟು ಮಾತಾಡತೊಡಗಿದವು. ಕ್ರಿಯಾಪದ ನಮ್ಮ ಮಾತಿನ ಹಾಗೇ ವಾಕ್ಯದ ಕೊನೆಗೆ ಬರುತ್ತದೆ, ದೊಡ್ಡವರಿಗೆ ಅದರ ರೂಪ ಬೇರೆ, ಚಿಕ್ಕವರಿಗೆ ಬೇರೆ ಎಂದು ಗೊತ್ತಾದ ದಿನ ಅವಳಿಗೆ ದೂರದ ನೆಂಟರ ಮನೆ ಸಿಕ್ಕಂತಾಯಿತು.

ರಜೆಯ ದಿನ ಮನೆಯಿಂದಲೇ ಫೋನಿನಲ್ಲಿ ಪಾಠ ಹೇಳಿದರೆ ಅತ್ತೆಗೆ ಅದೊಂದು ತಲೆನೋವು. "ಏನೇ ಅದು, ನನ್ನ ಮಗನ ಹತ್ರ ಮಾತಾಡ್ತೀಯೋ, ಗುಬ್ಬಿ ಓಡಿಸ್ತೀಯೋ? ನನ್ನನ್ನೇ ಬೈಯೋದಾದ್ರೆ ನಮ್ಮ ಭಾಷೇಲೇ ಬೈಯಿ, ಕೇಳಿಸ್ಕೊಳ್ತೀನಿ."

"ನಿಮ್ಮನ್ನ ಬೈಯೋ ಪಾಠ ಇನ್ನೂ ಬಂದಿಲ್ಲ ಅತ್ತೆ."

ಕೆಲಸದ ದಿನಗಳಲ್ಲಿ ಪಾಠ ನಡೆಯುತ್ತಿದ್ದದ್ದು ಮಧ್ಯಾಹ್ನ, ಅವಳ ಊಟದ ಬಿಡುವಿನಲ್ಲಿ. ಅಲ್ಲಿ ಆಗಲೇ ಸಂಜೆಯಾಗಿ, ಅವನು ಪಾಳಿ ಮುಗಿಸಿ ಕೋಣೆಗೆ ಬಂದಿರುತ್ತಿದ್ದ. ಬಾಯ್ಲರಿನ ಹಿಂದಿನ ಮೆಟ್ಟಿಲ ಮೇಲೆ ಕೂತು ಅವಳು ಒಂದೊಂದೇ ವಾಕ್ಯ ಹೇಳುತ್ತಿದ್ದಳು. ಮೊದಲೆರಡಕ್ಕೆ ಅವನು ಸರಿಯಾಗಿ ಉತ್ತರ ಕೊಡುತ್ತಿದ್ದ. ಮೂರನೆಯದಕ್ಕೆ ಮಾತು ಎಳೆಯುತ್ತಿತ್ತು. ಆಮೇಲೆ ಗೊರಕೆ. ಶುರುವಿನಲ್ಲಿ "ರೀ, ರೀ" ಎಂದು ಎಬ್ಬಿಸುತ್ತಿದ್ದಳು. ಬರಬರುತ್ತಾ ಬಿಟ್ಟಳು. ಫೋನು ಕಿವಿಯಲ್ಲೇ ಇರುತ್ತಿತ್ತು, ಅವನ ಗೊರಕೆ ಕೇಳುತ್ತಾ ಉಳಿದ ಪಾಠವನ್ನು ತಾನೇ ಓದಿ ಮುಗಿಸಿ ಒಳಗೆ ಹೋಗುತ್ತಿದ್ದಳು.

ಇಸ್ತ್ರಿಯಂತ್ರದ ಬಳಿ ನಿಲ್ಲುವ ಹಿರಿಯಳನ್ನು ಎಲ್ಲರೂ ಇಸ್ತ್ರಿ ಅಕ್ಕ ಎನ್ನುತ್ತಿದ್ದರು. ಅವಳು ಇದನ್ನೆಲ್ಲ ನೋಡುತ್ತಲೇ ಇದ್ದಳು. ಒಂದು ದಿನ ಹಾಸುಬಟ್ಟೆಯ ಎರಡು ತುದಿ ಹಿಡಿದು ಮಡಚುವಾಗ ಹೇಳಿಯೇಬಿಟ್ಟಳು:

"ಅವನು ನಿದ್ದೆ ಮಾಡ್ತಾನೆ, ನೀನು ಕಲೀತೀಯ. ಪರೀಕ್ಷೆಗೆ ಯಾರು ಕೂರ್ಬೇಕಮ್ಮ?"

"ನಾನು ಕೂತು ಏನು ಮಾಡ್ಲಿ ಅಕ್ಕ?"

"ಏನೂ ಮಾಡ್ಬೇಡ. ಬರುತ್ತೋ ಇಲ್ವೋ ಗೊತ್ತಾಗುತ್ತಲ್ಲ."

ಅವಳು ಪರೀಕ್ಷೆಗೆ ಹೆಸರು ಕೊಟ್ಟಳು. ಆ ದಿನ, ಆಸ್ಪತ್ರೆಯಲ್ಲಿ ಹೆಚ್ಚಿನ ಪಾಳಿ ಇದೆ ಎಂದು ಮನೆಯಲ್ಲಿ ಹೇಳಿ ಹೋದಳು. ಕೋಣೆ ತುಂಬ ಕಾಲೇಜು ಹುಡುಗಿಯರು, ಬಣ್ಣಬಣ್ಣದ ಪೆನ್ನಿನ ಡಬ್ಬಿಗಳು. ಸೋಪು ತಿಂದು ಬಿರುಕುಬಿಟ್ಟ ತನ್ನ ಬೆರಳುಗಳನ್ನು ಅವಳು ಮೇಜಿನ ಕೆಳಗಿಟ್ಟುಕೊಂಡಳು. ಸ್ಪೀಕರಿನಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ಮನೆ ಬದಲಾಯಿಸುವ ವಿಷಯ ಮಾತಾಡಿದರು. ಎಲ್ಲ ತಿಳಿಯಿತು. ಬರೆಯುವ ಭಾಗದಲ್ಲಿ ತಪ್ಪಿದ ಸಾಲನ್ನು ಹೊಡೆದುಹಾಕಿ ಮತ್ತೆ ಬರೆದಳು, ನಿಲ್ಲಲಿಲ್ಲ. ಹೊರಬಂದಾಗ ತಲೆ ಎಷ್ಟು ಭಾರವಾಗಿತ್ತೆಂದರೆ ತನ್ನ ಬಸ್ಸು ಎದುರಿಗೇ ಬಂದು ನಿಂತು ಹೋದದ್ದೂ ಕಾಣಲಿಲ್ಲ.

ಅವಳ ಫಲಿತಾಂಶ ಬಂತು: ಮೂರನೇ ಹಂತ, ಅವನಿಗೆ ಬೇಕಿದ್ದಕ್ಕಿಂತ ಒಂದು ಮೆಟ್ಟಿಲು ಮೇಲೆ. ಅದೇ ತಿಂಗಳು ಅವನದೂ ಬಂತು, ಮೂರನೇ ಸಲವೂ ಫೇಲು.

ಅವಳು ಯಾರಿಗೂ ಹೇಳಲಿಲ್ಲ. ಸುಮ್ಮನೆ ಕೇಳಿ ಬರೋಣವೆಂದು ವಿದೇಶದ ಓದಿಗೆ ಸಲಹೆ ಕೊಡುವ ಕಚೇರಿಯೊಂದಕ್ಕೆ ಹೋದಳು. ಅಲ್ಲಿದ್ದ ಹೆಂಗಸು ಅವಳ ಫಲಿತಾಂಶ ನೋಡಿ ಕುರ್ಚಿ ಮುಂದೆಳೆದುಕೊಂಡಳು.

"ಇದರ ಮೇಲೆ ಅಲ್ಲಿನ ಕಾಲೇಜಿಗೇ ಅರ್ಜಿ ಹಾಕ್ಬಹುದು. ವಯಸ್ಸಾದವರ ಆರೈಕೆ ಮಾಡೋ ಕೋರ್ಸಿದೆ. ಮುಗಿಸಿದ್ರೆ ಅಲ್ಲೇ ಕೆಲಸದ ವೀಸಾಕ್ಕೂ ಪ್ರಯತ್ನ ಪಡ್ಬಹುದು. ಮಗಳನ್ನ ಮಾತ್ರ ಈಗ ಕರ್ಕೊಂಡು ಹೋಗೋಕಾಗಲ್ಲ."

"ಯೋಚನೆ ಮಾಡಿ ಹೇಳ್ತೀನಿ."

"ಮಾಡಿ. ಆದ್ರೆ ಈ ಫಲಿತಾಂಶಕ್ಕೂ ಎರಡೇ ವರ್ಷ ಆಯುಸ್ಸು, ಮರೀಬೇಡಿ."

ರಜೆಯ ಮಧ್ಯಾಹ್ನ ಅವನೇ ಫೋನು ಮಾಡಿದ. ಅವಳು ಅಭ್ಯಾಸಬಲದಿಂದ ಪುಸ್ತಕ ತೆರೆದಳು.

"ಇವತ್ತು ಪಾಠ ಬೇಡ" ಎಂದ.

"ಮುಂದಿನ ಸಲ ಖಂಡಿತ ಆಗುತ್ತೆ ರೀ. ಓದೋ ಭಾಗ ಒಂದನ್ನ ಸರಿ ಮಾಡ್ಕೊಂಡ್ರೆ..."

"ಓದೋ ಭಾಗ ನಾನು ಬರೀಲೇ ಇಲ್ಲ ಕಣೇ."

ಅವಳಿಗೆ ಅರ್ಥವಾಗಲಿಲ್ಲ.

"ಕೇಳಿಸ್ಕೊಳ್ಳೋದು ಮಾಡಿದೆ. ಆಮೇಲೆ ಪೆನ್ನು ಕೆಳಗಿಟ್ಟು ಕಿಟಕಿ ನೋಡ್ತಾ ಕೂತೆ. ಪಾಸಾದ್ರೆ ಇನ್ನೂ ಎಷ್ಟು ವರ್ಷ ಆ ತಗಡಿನ ಮುಂದೆ ನಿಲ್ಬೇಕು ಅಂತ ಯೋಚನೆ ಬಂತು. ನಂಗೆ ಸಾಕಾಗಿದೆ. ಮನೆಗೆ ಬರ್ಬೇಕು. ನೀನು ಅಷ್ಟು ಕಷ್ಟಪಟ್ಟು ಹೇಳಿಕೊಡ್ತಿದ್ದೆ, ಹೇಗೆ ಹೇಳ್ಲಿ?"

ಅವಳಿಗೆ ಸಿಟ್ಟು ನೆತ್ತಿಗೇರಿತು. ಬಾಯ್ಲರಿನ ಹಿಂದೆ ಕಳೆದ ಮಧ್ಯಾಹ್ನಗಳೆಲ್ಲ ಕಣ್ಣ ಮುಂದೆ ಬಂದವು. ಒಂದು ಮಾತು ಮೊದಲೇ ಹೇಳಬಾರದಿತ್ತೇ ಎಂದು ಕೇಳಲು ಬಾಯಿ ತೆರೆದಳು. ತಾನೂ ಒಂದು ಮಾತು ಹೇಳದೆ ಇಟ್ಟುಕೊಂಡಿದ್ದೇನಲ್ಲ ಎಂದು ಹೊಳೆದು ಪುಸ್ತಕ ಮುಚ್ಚಿಟ್ಟಳು.

"ನಾನು ಪಾಸಾಗಿದೀನಿ" ಎಂದಳು. "ಮೂರನೇ ಹಂತ. ಅಲ್ಲಿನ ಕಾಲೇಜಿಗೆ ಅರ್ಜಿ ಹಾಕ್ಬಹುದಂತೆ."

ಆ ಕಡೆ ಮಂಚ ಕಿರುಗುಟ್ಟಿತು, ಅವನು ಎದ್ದು ಕೂತಿರಬೇಕು.

"ಬರ್ತೀಯಾ ಹಾಗಾದ್ರೆ?" ಎಂದ.

"ಬರ್ಬೇಕು ಅಂತ ಆಸೆ ಇದೆ."

"ನಾನು ವಾಪಸ್ ಬರ್ತಿರೋವಾಗ?"

"ಹೌದು ರೀ."

ಆ ತಿಂಗಳೆಲ್ಲ ಜಗಳವಾಯಿತು. ಜೋರು ಜಗಳವಲ್ಲ, ದಣಿದವರ ಜಗಳ. ಅರ್ಧಕ್ಕೇ ಇಬ್ಬರಿಗೂ ಸುಸ್ತಾಗುತ್ತಿತ್ತು. ಕೊನೆಗೆ ಅವನೇ, "ಹೋಗು. ಪುಟ್ಟೀನ ನಾನು ನೋಡ್ಕೊಳ್ತೀನಿ. ಅವಳು ನನ್ನನ್ನ ಫೋನಲ್ಲೇ ನೋಡಿ ದೊಡ್ಡವಳಾದ್ಲು" ಎಂದ.

ಅತ್ತೆಗೆ ಹೇಳಿದಾಗ ಅವರು ಬಟ್ಟೆ ಮಡಚುವುದನ್ನು ನಿಲ್ಲಿಸಲಿಲ್ಲ. "ಒಬ್ಬರನ್ನ ಕಾದು ಮುಗೀತು, ಇನ್ನು ಇನ್ನೊಬ್ಬರನ್ನ ಕಾಯ್ಬೇಕು. ಆಗಲಿ. ಓದಿದ್ದು ಸುಮ್ನೆ ಹೋಗೋದು ಬೇಡ" ಎಂದರು.

ಅವನು ಬಂದ. ತೆಳ್ಳಗಾಗಿದ್ದ, ಕಾರ್ಖಾನೆಯ ಸದ್ದಿಗೆ ಒಂದು ಕಿವಿ ಸ್ವಲ್ಪ ಮಂದವಾಗಿತ್ತು. ಮೊದಲ ಕೆಲವು ದಿನ ನಿದ್ದೆಯನ್ನೇ ಮಾಡಿದ. ಪುಟ್ಟಿ ಬಾಗಿಲ ಸಂದಿಯಿಂದ ಇಣುಕಿ, ಇವರು ಯಾವಾಗ ಏಳ್ತಾರೆ ಎಂದು ಅಮ್ಮನನ್ನು ಕೇಳುತ್ತಿದ್ದಳು. ಅಷ್ಟರಲ್ಲಿ ಇವಳ ವೀಸಾ ಬಂತು. ಗಂಡಹೆಂಡಿರಿಗೆ ಒಂದೇ ಸೂರಿನಡಿ ಸಿಕ್ಕಿದ್ದು ಕೆಲವೇ ವಾರ, ಅದರಲ್ಲೂ ಅರ್ಧ ಕಚೇರಿಗಳ ಸಾಲಿನಲ್ಲಿ ಹೋಯಿತು.

ಹೊರಡುವ ಬೆಳಗ್ಗೆ ಅವಳು ಮಗಳ ತಲೆ ಬಾಚುತ್ತಿದ್ದಳು.

"ಅಪ್ಪ ಬಂದ್ರೆ ಅಮ್ಮ ಹೋಗ್ಲೇಬೇಕಾ?" ಎಂದಳು ಪುಟ್ಟಿ, ಕನ್ನಡಿಯಲ್ಲಿ ಅಮ್ಮನನ್ನು ನೋಡದೆ.

ಅವನು ಬಾಗಿಲಲ್ಲಿ ನಿಂತು ಜಡೆ ಹೇಗೆ ಹೆಣೆಯುತ್ತಾರೆಂದು ಗಮನವಿಟ್ಟು ನೋಡುತ್ತಿದ್ದ. ಹೊರಗೆ ಟ್ಯಾಕ್ಸಿ ಹಾರ್ನ್ ಮಾಡಿತು. ಅವಳು ಬಾಚಣಿಗೆಯನ್ನು ಅವನ ಕೈಗೆ ಕೊಟ್ಟು, "ಇನ್ನೊಂದು ಜಡೆ ನೀವು ಹಾಕಿ" ಎಂದು ಪೆಟ್ಟಿಗೆ ಎತ್ತಿಕೊಂಡಳು.