ಟರ್ಬೋ ಪಂಪಿನ ಕೇಕು

ಕಾಫಿ ಕೋಣೆಯ ಬಿಳಿ ಹಲಗೆಯ ಮೇಲೆ ಕೆಂಪು ಶಾಯಿಯಲ್ಲಿ ತನ್ನ ಹೆಸರು ಕಂಡಾಗ ಡಾಗ್ನಿಗೆ ಮೈಯೆಲ್ಲ ಉರಿಯಿತು. ‘ಟರ್ಬೋ ಪಂಪು. ಕೇಕು: ಡಾಗ್ನಿ.’ ಇಷ್ಟೇ ಬರೆದಿತ್ತು. ಲ್ಯಾಬಿನಲ್ಲಿ ಏನನ್ನಾದರೂ ಮುರಿದವರು ಶುಕ್ರವಾರ ಹತ್ತು ಗಂಟೆಗೆ ಎಲ್ಲರಿಗೂ ಕೇಕು ತರಬೇಕು, ಅಲ್ಲಿಗೆ ತಪ್ಪು ಮಾಫಿ. ಇದು ಆ ಸಂಶೋಧನಾ ಗುಂಪಿನ ಹಳೆಯ ಪದ್ಧತಿ. ಲೆನ್ಸು ಒಡೆದವರು, ಕೇಬಲ್ಲು ಸುಟ್ಟವರು, ಎಲ್ಲರೂ ನಗುನಗುತ್ತಲೇ ತಂದಿದ್ದರು. ಆದರೆ ಅವರು ನಿಜಕ್ಕೂ ಮುರಿದವರು. ಡಾಗ್ನಿ ಏನನ್ನೂ ಮುರಿದಿರಲಿಲ್ಲ.

ಅವಳದು ಪದವಿಯ ಕೊನೆಯ ವರ್ಷ. ಭೌತಶಾಸ್ತ್ರದ ಪ್ರಾಜೆಕ್ಟಿಗೆಂದು ಫೆಬ್ರವರಿಯಿಂದ ಒಂದು ನಿರ್ವಾತದ ಪೆಟ್ಟಿಗೆಯನ್ನು ಬೋಲ್ಟು ಬೋಲ್ಟಾಗಿ ಕಟ್ಟಿ, ಸೋರುವ ಜಾಗಗಳನ್ನು ಒಂದೊಂದಾಗಿ ಹುಡುಕಿ ಮುಚ್ಚಿ, ಮೇ ತಿಂಗಳಲ್ಲಿ ಅಂತೂ ಅಳತೆಗೆ ಎರಡು ವಾರ ಗಿಟ್ಟಿಸಿಕೊಂಡಿದ್ದಳು. ಬುಧವಾರ ಆ ಪೆಟ್ಟಿಗೆಯ ಗಾಳಿ ಹೀರುವ ಟರ್ಬೋ ಪಂಪು ಸತ್ತಿತು. ಅದು ಪೂರ್ತಿ ವೇಗದಲ್ಲಿ ತಿರುಗುತ್ತಿದ್ದಾಗ ಯಾರೋ ಗಾಳಿ ಒಳಬಿಡುವ ಕವಾಟ ತೆರೆದಿದ್ದರು. ಒಳಗಿನ ರೆಕ್ಕೆಗಳೆಲ್ಲ ಪುಡಿಪುಡಿ.

ಗುಂಪಿನ ಮುಖ್ಯಸ್ಥ ಟೋರ್ಬೆನ್ ಗುರುವಾರ ಅವಳನ್ನು ಕರೆಸಿದ. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಕಲಿಯುವವರ ಕೈ ಜಾರುವುದು ಸಹಜ ಎಂದು ಕನಿಕರ ತೋರಿಸಿದ. ಕಂಪ್ಯೂಟರಿನ ದಾಖಲೆಯ ಪ್ರಕಾರ ಒತ್ತಡ ಏಕಾಏಕಿ ಏರಿದ್ದು ಒಂದು ಗಂಟೆ ಹನ್ನೆರಡು ನಿಮಿಷಕ್ಕೆ, ಆಗ ಲ್ಯಾಬಿನಲ್ಲಿದ್ದವಳು ಅವಳೊಬ್ಬಳೇ ಎಂದ. ಹಳೆಯ ಪಂಪೊಂದನ್ನು ಜೋಡಿಸಿ ಆ ಎರಡು ವಾರವನ್ನು ಪಿಎಚ್‌ಡಿ ಮಾಡುತ್ತಿರುವ ಎಸ್ಕಿಲ್‌ಗೆ ಕೊಡುವುದಾಗಿಯೂ, ಅವಳು ಹೋದ ವರ್ಷದ ವಿದ್ಯಾರ್ಥಿಯ ಅಂಕಿಗಳನ್ನಿಟ್ಟುಕೊಂಡು ವರದಿ ಬರೆದರೆ ಸಾಕೆಂದೂ ತಿಳಿಸಿದ. ಮೂರು ತಿಂಗಳು ಬೆವರು ಸುರಿಸಿ ಅಡುಗೆ ಮಾಡಿದವಳು ಇನ್ನೊಬ್ಬರ ಎಂಜಲೆಲೆಯ ಮುಂದೆ ಕೂರಬೇಕಂತೆ!

ಒಂದೂವರೆಗೆ ತಾನು ಬಾಗಿಲು ಹಾಕಿಕೊಂಡು ಹೊರಟಾಗ ಪಂಪು ಚೆನ್ನಾಗಿಯೇ ಓಡುತ್ತಿತ್ತು ಎಂದು ಡಾಗ್ನಿ ಎರಡು ಸಲ ಹೇಳಿದಳು. ಟೋರ್ಬೆನ್ ಎರಡು ಸಲವೂ ಮುಗುಳ್ನಕ್ಕ. ಆ ದೇಶದಲ್ಲಿ ಪ್ರೊಫೆಸರರನ್ನೂ ಹೆಸರು ಹಿಡಿದು ಕರೆಯುತ್ತಾರೆ, ನೀನು ಎಂದೇ ಮಾತಾಡಿಸುತ್ತಾರೆ. ಹಾಗೆಂದು ಇಬ್ಬರ ಮಾತಿಗೂ ಒಂದೇ ತೂಕ ಎಂದು ನಂಬಿದವರು ಪೆದ್ದರು. ಹೊರಗೆ ಬಂದರೆ ಎಸ್ಕಿಲ್ ಕಾಯುತ್ತಿದ್ದ.

“ಮೇಲೆ ಕೊಬ್ಬರಿ ಹಾಕಿರ್ತಾರಲ್ಲ, ಆ ಕೇಕೇ ತಾ ಮಾರಾಯ್ತಿ. ಪಂಪು ದೊಡ್ಡದು, ಕೇಕೂ ದೊಡ್ಡದೇ ಇರ್ಲಿ.”

ಅವಳಿಗೆ ಎಲ್ಲಕ್ಕಿಂತ ಸಿಟ್ಟು ಬಂದದ್ದು ತನ್ನ ಮೇಲೆಯೇ. ಅವರು ಅಷ್ಟು ಖಾತ್ರಿಯಾಗಿ ಹೇಳಿದ್ದರಿಂದ, ತಾನೇ ಮರೆತು ಕವಾಟ ಮುಟ್ಟಿದೆನೋ ಎಂದು ಒಂದು ಗಳಿಗೆ ಅನುಮಾನಪಟ್ಟಿದ್ದಳು. ಆ ಅನುಮಾನದಲ್ಲೇ ತನ್ನ ಲ್ಯಾಬ್ ಪುಸ್ತಕವನ್ನೂ ಕಂಪ್ಯೂಟರಿನ ದಾಖಲೆಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತಳು. ಬುಧವಾರ ಎಂಟು ಗಂಟೆ ಐದು ನಿಮಿಷಕ್ಕೆ ಪಂಪು ಶುರು ಮಾಡಿದೆ ಎಂದು ಪುಸ್ತಕದಲ್ಲಿ ಅವಳದೇ ಅಕ್ಷರ. ದಾಖಲೆಯಲ್ಲಿ ಅದೇ ಪಂಪು ಆರು ಗಂಟೆ ಐದು ನಿಮಿಷಕ್ಕೆ ಶುರುವಾಗಿತ್ತು. ಆರು ಗಂಟೆಗೆ ಆ ಕಟ್ಟಡದ ಬಾಗಿಲೇ ತೆರೆಯುವುದಿಲ್ಲ.

ಆಗ ಹೊಳೆಯಿತು. ಗಡಿಯಾರಗಳನ್ನು ಬೇಸಿಗೆಗೆ ಮುಂದೆ, ಚಳಿಗಾಲಕ್ಕೆ ಹಿಂದೆ ತಿರುಗಿಸುವ ದೇಶವದು. ಅಳತೆಗಳು ಕಲಸುಮೇಲೋಗರ ಆಗಬಾರದೆಂದು ಆ ಕಂಪ್ಯೂಟರು ವರ್ಷವಿಡೀ ಗ್ರೀನಿಚ್ ಸಮಯವನ್ನೇ ಬರೆಯುತ್ತದೆ. ಮೇ ತಿಂಗಳಲ್ಲಿ ಅದಕ್ಕೆ ಎರಡು ಗಂಟೆ ಕೂಡಿಸಬೇಕು. ಗುಂಪಿನಲ್ಲಿ ಎಲ್ಲರಿಗೂ ಇದು ಗೊತ್ತು. ಹಾಗೆ ಹೊಂದಿಸಿಟ್ಟವನೇ ಎಸ್ಕಿಲ್. ತಪ್ಪು ಹೊರಿಸಲು ಒಬ್ಬ ವಿದ್ಯಾರ್ಥಿನಿ ಸಿಕ್ಕಿದ್ದರಿಂದ ಯಾರೂ ಕೂಡಿಸುವ ಗೋಜಿಗೆ ಹೋಗಿರಲಿಲ್ಲ, ಅಷ್ಟೇ. ಪಂಪು ಸತ್ತದ್ದು ಮೂರು ಗಂಟೆ ಹನ್ನೆರಡು ನಿಮಿಷಕ್ಕೆ. ಆಗ ಡಾಗ್ನಿ ಪಕ್ಕದ ಕಟ್ಟಡದ ತರಗತಿಯಲ್ಲಿ, ಇಪ್ಪತ್ತು ಜನರೆದುರು ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತಿದ್ದಳು.

ಶುಕ್ರವಾರ ಹತ್ತು ಗಂಟೆಗೆ ಎಂಟು ಜನ ತಟ್ಟೆ ಮುಂದಿಟ್ಟುಕೊಂಡು ಕಾದಿದ್ದರು. ಡಾಗ್ನಿ ಕೇಕಿನ ಜಾಗದಲ್ಲಿ ಪುಸ್ತಕವನ್ನೂ ದಾಖಲೆಯ ಹಾಳೆಯನ್ನೂ ಇಟ್ಟು, ಎಸ್ಕಿಲ್‌ಗೆ ಓದಲು ಹೇಳಿದಳು. ಓದುತ್ತಿದ್ದಂತೆ ಅವನ ಕಿವಿ ಕೆಂಪಾಯಿತು.

“ಎರಡು ಗಂಟೆ ಕೂಡಿಸ್ಬೇಕಿತ್ತು,” ಎಂದು ಗೊಣಗಿದ.

ಎಲ್ಲರ ಕಣ್ಣೂ ಗೋಡೆಯ ಕ್ಯಾಲೆಂಡರಿನತ್ತ ಹೋಯಿತು. ಬುಧವಾರ, ಮೂರು ಗಂಟೆ: ಕೋಪನ್‌ಹೇಗನ್ನಿನ ಅತಿಥಿಗಳು, ಲ್ಯಾಬ್ ತೋರಿಸುವವನು ಟೋರ್ಬೆನ್.

ಟೋರ್ಬೆನ್ ಗಂಟಲು ಸರಿಮಾಡಿಕೊಂಡ. “ತೋರಿಸೋವಾಗ ಕೈ ತಾಗಿರ್ಬೇಕು. ಹಳೇ ಕವಾಟ ಅದು. ಇಂಥದ್ದೆಲ್ಲ ಆಗ್ತಿರುತ್ತೆ ಬಿಡು, ಅದಕ್ಕೆ ಯಾರ ಹೆಸರೂ ಬೇಡ.”

“ನನ್ನ ಹೆಸರು ನಿನ್ನೆಯಿಂದ ಅಲ್ಲೇ ಇದೆ,” ಎಂದಳು ಡಾಗ್ನಿ. ಕೆಂಪು ಪೆನ್ನನ್ನು ಅವನ ಮುಂದೆ ಹಿಡಿದಳು. “ಎದ್ದು ಬಾ ಟೋರ್ಬೆನ್. ನೀನೇ ಅಳಿಸು, ನೀನೇ ಬರಿ. ಆಮೇಲೆ ನನ್ನ ಎರಡು ವಾರ ವಾಪಸ್ ಕೊಡು.”

ಯಾರೂ ನಗಲಿಲ್ಲ. ಟೋರ್ಬೆನ್ ಎದ್ದು ಅವಳ ಹೆಸರು ಅಳಿಸಿ ತನ್ನದನ್ನು ಬರೆದ. ಎರಡು ವಾರವೂ ಅವಳಿಗೇ ಬಂತು.

ಮುಂದಿನ ಶುಕ್ರವಾರ ಎಸ್ಕಿಲ್ ಲ್ಯಾಬಿನ ಬಾಗಿಲು ತಟ್ಟಿದ. ತಟ್ಟೆಯಲ್ಲಿ ದೊಡ್ಡದೊಂದು ತುಂಡು, ಮೇಲೆ ಕೊಬ್ಬರಿ. ಟೋರ್ಬೆನ್ ಕಳಿಸಿದ್ದು ಎಂದ. ಡಾಗ್ನಿ ಮೀಟರಿನಿಂದ ಕಣ್ಣು ತೆಗೆಯದೆ, ಅವನು ಏನಾದರೂ ಹೇಳಿ ಕಳಿಸಿದ್ದಾನೆಯೇ ಎಂದು ಕೇಳಿದಳು.

“ಹೇಳೋದೇನು, ಕೇಕ್ ತಂದಿದಾನಲ್ಲ.”

“ಅದು ಪಂಪು ಮುರಿದಿದ್ದಕ್ಕೆ,” ಎಂದಳು ಡಾಗ್ನಿ. “ನನ್ನ ಹೆಸರು ಬರೆದಿದ್ದಕ್ಕೆ ಅವನಿನ್ನೂ ಏನೂ ತಂದಿಲ್ಲ.”

ಎಸ್ಕಿಲ್ ಹೊಸ್ತಿಲಾಚೆ ತಟ್ಟೆ ಹಿಡಿದುಕೊಂಡೇ ನಿಂತಿದ್ದ. ಅವಳು ಎದ್ದು ಹೋಗಿ ಬಾಗಿಲು ಹಾಕಿದಳು.