ಮಾದಮ್ಮ ಬಿಚ್ಚಿದ ಸ್ಟಾರ್ಟರು

ಮಾದಮ್ಮನಿಗೆ ಸಿಟ್ಟು ಬಂದದ್ದು ಟ್ರಾಕ್ಟರಿನ ಮೇಲಲ್ಲ, ಗಂಡ ಕುಳ್ಳಯ್ಯನ ನಾಲಿಗೆಯ ಮೇಲೆ. ತೊಂಬತ್ತಾರರ ಕಬ್ಬಿನ ಕಾಲ. ಅವನ ಅಣ್ಣ ಮರಿಯಯ್ಯ ಬೂಕನಕೆರೆಯ ಇವರ ಮನೆಗೆ ಬಂದು, ಸ್ಟಾರ್ಟರು ಸತ್ತ ಗಾಡಿಯನ್ನು ದಿನಾ ನಾಲ್ಕು ಜನ ತಳ್ಳುವುದನ್ನು ನೋಡಲಾಗುವುದಿಲ್ಲ, ಸೋಮವಾರ ನಾನೇ ತಗೊಂಡು ಹೋಗುತ್ತೇನೆ ಅಂದ. ಈ ಮಹಾನುಭಾವ ಆಗಲಿ ಅಣ್ಣ ಅಂದುಬಿಟ್ಟ. ತವರಿನಿಂದ ಬಂದ ಎರಡು ಎಮ್ಮೆ ಕಟ್ಟಿಕೊಂಡು, ಹತ್ತು ವರ್ಷ ಡೈರಿಗೆ ಹಾಲು ಹೊತ್ತು ಅವಳು ತಂದ ಟ್ರಾಕ್ಟರು ಅದು! ಒಂದು ಮಾತು ಕೇಳಬಾರದಿತ್ತೇ? ಗಾಡಿ ತಾನಾಗೇ ಸ್ಟಾರ್ಟಾದರೆ ಭಾವನಿಗೆ ನೆಪವೇ ಇರುವುದಿಲ್ಲ ಎಂದು ಅವಳು ಸ್ಪ್ಯಾನರು ಹಿಡಿದಳು.

ಅವಳ ಅಪ್ಪ ಪಾಂಡವಪುರದಲ್ಲಿ ಪಂಪ್‌ಸೆಟ್ಟಿನ ಮೋಟಾರುಗಳನ್ನು ಮನೆಯ ಜಗಲಿಯಲ್ಲೇ ಬಿಚ್ಚಿ ತಂತಿ ಸುತ್ತುತ್ತಿದ್ದ. ಅವನಿಗೆ ತಂತಿ ಹಿಡಿದು ಕೊಡುತ್ತಲೇ ಬೆಳೆದವಳು ಮಾದಮ್ಮ. ಸ್ಟಾರ್ಟರನ್ನು ನಡುಮನೆಗೆ ತಂದು ಗೋಣಿಚೀಲದ ಮೇಲೆ ಬಿಚ್ಚಿದರೆ ಒಳಗೆಲ್ಲ ಕರಿ ಪುಡಿ. ಕಾರ್ಬನ್ ಬ್ರಷ್ಷುಗಳು ಸವೆದು ಉಗುರಿನಷ್ಟಾಗಿದ್ದವು. ಅಚ್ಚಿನ ತುದಿ ಕೂರುವ ಬುಷ್ಷೂ ಸವೆದು, ನಡುವೆ ತಿರುಗುವ ಆರ್ಮೇಚರು ಒಂದು ಕಡೆ ಒರಗಿ ಉಜ್ಜುತ್ತಿತ್ತು. ಸಾಮಾನು ತರಲು ಕೆ.ಆರ್. ಪೇಟೆಗೆ ಹೋದರೆ ಅಂಗಡಿಯವನು ಗಂಡಸರು ಯಾರೂ ಬರಲಿಲ್ಲವೇ ಅಂತ ಕೇಳಿದ. ಹಳೇ ಬ್ರಷ್ಷನ್ನು ಅವನ ಮುಂದೆ ಕುಕ್ಕಿ, ಇದರ ಜೋಡಿ ಕೊಡು, ಗಂಡಸರನ್ನು ಕಟ್ಟಿಕೊಂಡು ನಾನು ಪಡುವ ಪಾಡು ಸಾಕು ಅಂದಳು.

ಹೊಸ ಬುಷ್ಷು ಕೂರಿಸಿದ ಮಾರನೆಯ ದಿನ ಶನಿವಾರ. ಆ ಮನೆಯಲ್ಲಿ ಶನಿವಾರ ದೇವರ ಪಾತ್ರೆ ತಿಕ್ಕುವುದು ಗಂಡಸರ ಕೆಲಸ. ಡೈರಿಯಿಂದ ಬಂದು ನೋಡುತ್ತಾಳೆ, ಬಚ್ಚಲ ಬಳಿ ಚೊಂಬು, ಪಂಚಪಾತ್ರೆಗಳ ಸಾಲಿನಲ್ಲಿ ಆರ್ಮೇಚರೂ ಕೂತಿದೆ. ಅದರ ತಾಮ್ರದ ಪಟ್ಟಿಗಳನ್ನು ಕುಳ್ಳಯ್ಯ ಹುಣಸೇಹಣ್ಣು, ಉಪ್ಪು ಹಾಕಿ ಫಳಫಳ ಬೆಳಗಿದ್ದ.

"ಅಣ್ಣಂಗೆ ಕೊಡೋ ಸಾಮಾನು, ಕಪ್ಪಗಿದ್ರೆ ಏನಂದ್ಕತ್ತಾನೆ ಅಂತ ಬೆಳಗ್ದೆ ಕಣಮ್ಮಿ" ಅಂದ.

ಮಾದಮ್ಮ ಟೆಸ್ಟು ಬಲ್ಬಿನ ಒಂದು ತುದಿಯನ್ನು ತಾಮ್ರಕ್ಕೂ ಇನ್ನೊಂದನ್ನು ಕಬ್ಬಿಣಕ್ಕೂ ಮುಟ್ಟಿಸಿದಳು. ಉರಿಯಬಾರದ ಬಲ್ಬು ಮಂಕಾಗಿ ಉರಿಯಿತು. ಉಪ್ಪುನೀರು ತಂತಿಯ ಸುರುಳಿಯೊಳಗೆ ಇಳಿದಿತ್ತು. ನಿನ್ನ ಮನೆ ಹಾಳಾಗ ಅಂತ ಬೈದಳು, ಆ ಮನೆ ತನ್ನದೂ ಹೌದಲ್ಲ ಅಂತ ಹೊಳೆದು ಇನ್ನಷ್ಟು ಉರಿದುಕೊಂಡಳು. ದುಡಿದವಳು ನಾನು, ದಾನ ಮಾಡುವವನು ಇವನು!

ಒಳ್ಳೇ ನೀರಿನಲ್ಲಿ ನಾಲ್ಕು ಸಲ ಜಾಲಿಸಿ, ಪಕ್ಕದ ಆಲೆಮನೆಗೆ ಹೊತ್ತುಕೊಂಡು ಹೋದಳು. ಬೆಲ್ಲ ಕಾಯಿಸುವ ಒಲೆಯ ಗೋಡೆಗೆ, ಅಂಗೈ ತಾಳುವಷ್ಟು ಶಾಖವಿರುವ ಜಾಗ ನೋಡಿ, ತಂತಿ ಕಟ್ಟಿ ನೇತುಹಾಕಿದಳು. ಎರಡು ದಿನ ಹೋಗಿ ಬಂದು ತಿರುಗಿಸಿದಳು, ಒಂದೊಂದು ಸಲ ತಿರುಗಿಸುವಾಗಲೂ ಗಂಡನನ್ನೂ ಭಾವನನ್ನೂ ಸೇರಿಸಿ ಬೈದಳು. ಗಾಣದವರು ಅವಳ ತಂಟೆಗೆ ಹೋಗದೆ ಬೆಲ್ಲದ ಕಡೆ ನೋಡಿಕೊಂಡರು. ಭಾನುವಾರ ಸಂಜೆ ಬಲ್ಬು ಉರಿಯಲಿಲ್ಲ. ಗರಗಸದ ಬ್ಲೇಡಿನಿಂದ ತಾಮ್ರದ ಪಟ್ಟಿಗಳ ಸಂದು ಕೆರೆದು, ಹೊಸ ಬ್ರಷ್ಷು ಹಾಕಿ ಜೋಡಿಸಿದಳು.

ಸೋಮವಾರ ಕೀ ತಿರುಗಿಸಿದ ಒಂದೇ ಏಟಿಗೆ ಟ್ರಾಕ್ಟರು ಗುಡುಗಿತು. ಕುಳ್ಳಯ್ಯ ಓಡಿಹೋಗಿ ಅಣ್ಣನನ್ನು ಕರೆತಂದ. ಮರಿಯಯ್ಯ ಗಾಡಿಯ ಸುತ್ತ ಒಂದು ಸುತ್ತು ಬಂದು, ಒಳ್ಳೇದೇ ಆಯಿತು, ತಳ್ಳುವ ಕಷ್ಟ ತಪ್ಪಿತು, ಓಡಿಸಿಕೊಂಡೇ ಹೋಗುತ್ತೇನೆ ಅಂತ ತಮ್ಮನ ಬೆನ್ನು ತಟ್ಟಿದ. ಮಾದಮ್ಮನ ಕಡೆ ತಿರುಗಿಯೂ ನೋಡಲಿಲ್ಲ.

ಅವಳು ಎಂಜಿನ್ ನಿಲ್ಲಿಸಿದಳು. ಬ್ಯಾಟರಿ ವೈರು ಕಳಚಿದಳು. ಎಲ್ಲರೂ ನೋಡುತ್ತಿದ್ದಂತೆಯೇ ಬೋಲ್ಟು ಬಿಚ್ಚಿ, ಸ್ಟಾರ್ಟರನ್ನು ಸೆರಗಿನಲ್ಲಿ ಸುತ್ತಿ ಎದೆಗವಚಿಕೊಂಡಳು.

"ಗಾಡಿ ತಗೊಂಡೋಗಿ ಬಾವ. ಇದು ನಂದು. ತಳ್ಕಂಡು ಓಗಿ."

ಮರಿಯಯ್ಯನ ಮುಖ ಕೆಂಪಾಯಿತು. ಅದನ್ನು ಇಸಿದುಕೊಂಡು ವಾಪಸ್ಸು ಹಾಕುವಂತೆ ತಮ್ಮನಿಗೆ ಗದರಿದ. ಕುಳ್ಳಯ್ಯ ಹೆಂಡತಿಯ ಕೈ ನೋಡಿದ. ಬೆರಳುಗಳೆಲ್ಲ ಕಪ್ಪಾಗಿದ್ದವು, ಒಲೆಯ ಬಾಯಿ ತಗುಲಿ ಎರಡು ಕಡೆ ಬೊಬ್ಬೆ ಎದ್ದಿದ್ದವು.

"ನಂಗೆ ಬರಾಕಿಲ್ಲ ಕಣಣ್ಣ" ಅಂದ. "ಬಿಚ್ಚಿದೋಳೇ ಆಕ್ಬೇಕು. ಆಕು ಅಂತ ನಾನಂತೂ ಏಳಾಕಿಲ್ಲ."